ಕಾಲಾಣೆಯ ಕಾರ್ಡು ಮತ್ತು ಹೊನ್ನಾವರದ ಹೊಳೆ

ಊರಿನ ಇತಿಹಾಸವನ್ನು ಬರೆಯಹೊರಟವನು ಮೊದಲು ಶಾಸನದ ಕಲ್ಲಿನ ಮುಂದೆ ಹೋಗಿ ನಿಲ್ಲುವುದು ನಮ್ಮಲ್ಲಿ ವಾಡಿಕೆ. ಕಲ್ಲು ಸಿಗದಿದ್ದರೆ ತಾಮ್ರಪಟ, ಅದೂ ಇಲ್ಲದಿದ್ದರೆ ಕೈಫಿಯತ್ತು, ಕಡೆಗೆ ಗ್ಯಾಸೆಟಿಯರು. ಈ ಪಂಕ್ತಿಯಲ್ಲಿ ಅಂಚೆಯ ಕಾರ್ಡಿಗೆ ಮಣೆ ಹಾಕಿದವರು ವಿರಳ. ಅಂಗೈಯಗಲದ ರಟ್ಟು, ಕಾಲಾಣೆಯ ಬೆಲೆ, ಓದಿದ ಮೇಲೆ ತಂತಿಗೆ ಚುಚ್ಚಿ ತೊಲೆಗೆ ತೂಗುಹಾಕುವ ವಸ್ತು. ಅದರಲ್ಲಿ ಇತಿಹಾಸವೆಂಥದು ಎಂದು ಯಾರಾದರೂ ಕೇಳಿದರೆ ತಪ್ಪೆನ್ನಲಾಗದು. ಕಳೆದ ಮಳೆಗಾಲದವರೆಗೆ ನಾನೂ ಹಾಗೆಯೇ ಕೇಳುತ್ತಿದ್ದೆ.

ಆ ಮಳೆ ಹಿಂದೆಗೆದ ಹೊತ್ತಿಗೆ ನನ್ನ ತರಗತಿಯ ವಿದ್ಯಾರ್ಥಿಯೊಬ್ಬನು ತಗಡಿನ ಪೆಟ್ಟಿಗೆಯೊಂದನ್ನು ಎತ್ತಿಕೊಂಡು ಅಧ್ಯಾಪಕರ ಕೊಠಡಿಗೆ ಬಂದನು. ಹೊನ್ನಾವರದ ಬಳಿ, ಶರಾವತಿಯ ದಂಡೆಯ ಹಳ್ಳಿಯೊಂದರಲ್ಲಿ ಅವನ ಅಜ್ಜನ ಕಾಲದ ಮನೆಯನ್ನು ಕೆಡವುತ್ತಿದ್ದರು. ನಾಗಂದಿಗೆಯ ಮೇಲಿನ ಕಾಗದವೆಲ್ಲ ಬಚ್ಚಲೊಲೆಗೆ ಹೋಗುತ್ತಿದ್ದಾಗ, ತರಗತಿಯಲ್ಲಿ ಹಸ್ತಪ್ರತಿಗಳ ಪಾಠ ಕೇಳಿದ್ದ ಹುಡುಗನಿಗೆ ಏನೋ ತೋರಿ, ಉಳಿದಷ್ಟನ್ನು ಎತ್ತಿಟ್ಟುಕೊಂಡಿದ್ದನು. ತಾಳೆಗರಿಯಿರಬಹುದೆಂಬ ಆಸೆಯಿಂದ ನಾನು ಮುಚ್ಚಳ ತೆರೆದೆ. ಒಳಗಿದ್ದದ್ದು ತುಕ್ಕು ಹಿಡಿದ ತಂತಿಯೊಂದಕ್ಕೆ ಪೋಣಿಸಿದ ಅಂಚೆ ಕಾರ್ಡುಗಳ ಒಂದು ದೊಡ್ಡ ಕಟ್ಟು. ಅದರಿಂದ ಬೇರೆಯಾಗಿ, ಹಳೆಯ ಪಂಚಾಂಗದ ಹಾಳೆಯಲ್ಲಿ ಜೋಪಾನವಾಗಿ ಸುತ್ತಿಟ್ಟ ಒಂದೇ ಒಂದು ಚಿತ್ರದ ಕಾರ್ಡು. ಒಂದನ್ನು ಮನೆಯವರು ಒಡವೆಯಂತೆ ಕಾಪಾಡಿದ್ದರು. ಉಳಿದವನ್ನು ಹೊಗೆಗೂ ಧೂಳಿಗೂ ಬಿಟ್ಟಿದ್ದರು. ಈ ತಾರತಮ್ಯವು ಸರಿಯೇ ಎಂಬುದು ಇಂದಿನ ನನ್ನ ಪ್ರಶ್ನೆ.

ಚಿತ್ರದ ಕಾರ್ಡನ್ನೇ ಮೊದಲು ನೋಡೋಣ. ಅದು ಜೋಗದ ನೋಟ. ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕೂ ಧಾರೆಗಳು ತುಂಬಿ ೮೩೦ ಅಡಿಯಷ್ಟು ಕೆಳಕ್ಕೆ ಧುಮುಕುತ್ತಿವೆ. ಕಾಡಿನ ಹಸಿರು ಇರಬೇಕಾದುದಕ್ಕಿಂತ ಹೆಚ್ಚು ಹಸಿರಾಗಿದೆ; ಆಕಾಶಕ್ಕೆ ಗುಲಾಬಿಯ ಬಣ್ಣ ಬಂದಿದೆ. ಇದಕ್ಕೆ ಕಾರಣವುಂಟು. ೧೯೦೦ರ ಆಚೀಚೆಯ ವರ್ಷಗಳಲ್ಲಿ ಮುಂಬಯಿಯ ಕ್ಲಿಫ್ಟನ್, ಮದರಾಸು ಬೆಂಗಳೂರುಗಳ ಹಿಗ್ಗಿನ್‌ಬಾಥಮ್ ಮೊದಲಾದ ಸಂಸ್ಥೆಗಳು ನಮ್ಮ ದೇಶದ ನೋಟಗಳನ್ನು ಕಾರ್ಡುಗಳಾಗಿ ಮಾಡಿಸಿ ಮಾರುತ್ತಿದ್ದವು. ೧೯೧೪ರಲ್ಲಿ ಮಹಾಯುದ್ಧವು ಆರಂಭವಾಗುವವರೆಗೆ ಇಂಥ ಕಾರ್ಡುಗಳಲ್ಲಿ ಬಹಳಷ್ಟು ಜರ್ಮನಿಯಲ್ಲಿ ಅಚ್ಚಾಗಿ ಬರುತ್ತಿದ್ದವು. ಕಪ್ಪು ಬಿಳುಪಿನ ಛಾಯಾಚಿತ್ರವು ಇಲ್ಲಿಂದ ಹಡಗು ಹತ್ತಿ ಹೋದರೆ, ನಮ್ಮ ನದಿಗಳನ್ನು ಕನಸಿನಲ್ಲಿಯೂ ಕಾಣದ ಕುಶಲಕರ್ಮಿಯು ಅಲ್ಲಿ ಅದಕ್ಕೆ ಬಣ್ಣ ತುಂಬುವನು. ಆದುದರಿಂದ ಹಳೆಯ ಕಾರ್ಡಿನ ಬಣ್ಣವನ್ನು ಸಾಕ್ಷಿಯೆಂದು ನಂಬತಕ್ಕದ್ದಲ್ಲ. ಅದರ ಆಕೃತಿಯನ್ನೂ ಅಡಿಬರಹವನ್ನೂ ಮಾತ್ರ ವಿಚಾರಿಸಬಹುದು.

ಆ ಅಡಿಬರಹದಲ್ಲಿ ಜೋಗದ ಹೆಸರೇ ಇಲ್ಲ. ಇಂಗ್ಲಿಷಿನಲ್ಲಿ ಗೇರುಸೊಪ್ಪೆಯ ಜಲಪಾತವೆಂದು ಅಚ್ಚಾಗಿದೆ. ಗೇರುಸೊಪ್ಪೆಯಾದರೋ ಜಲಪಾತದಿಂದ ಸುಮಾರು ಹದಿನೆಂಟು ಮೈಲಿ ಕೆಳಗೆ, ಘಟ್ಟದ ಬುಡದಲ್ಲಿರುವ ಊರು. ಜಲಪಾತದ ಪಕ್ಕದಲ್ಲಿದ್ದ ಜೋಗವನ್ನು ಬಿಟ್ಟು ಈ ದೂರದ ಹೆಸರನ್ನು ಇಟ್ಟವರ ಮನಸ್ಸಿನಲ್ಲಿ ಇದ್ದದ್ದು ಒಂದು ದಾರಿ. ಕಡಲಿನಿಂದ ಬರುವವರು ಹೊನ್ನಾವರದಲ್ಲಿ ಇಳಿದು, ದೋಣಿಯಲ್ಲಿ ಹೊಳೆಯ ಮೇಲೆ ಇನ್ನೊಂದು ಹದಿನೆಂಟು ಮೈಲಿ ಸಾಗಿ ಗೇರುಸೊಪ್ಪೆಯನ್ನು ಸೇರಿ, ಅಲ್ಲಿಂದ ಘಟ್ಟವನ್ನು ಹತ್ತುತ್ತಿದ್ದರು. ದೋಣಿಯ ದಾರಿ ಮುಗಿಯುವ ಊರಿನ ಹೆಸರೇ ದಾರಿಯ ತುದಿಯಲ್ಲಿದ್ದ ಜಲಪಾತಕ್ಕೂ ಅಂಟಿಕೊಂಡಿತು. ನೆರೆಯ ಕುಮಟೆಯ ಸಂಗತಿಯೂ ಹೀಗೆಯೇ. ಧಾರವಾಡದ ಕರಿಯ ನೆಲದಲ್ಲಿ ಬೆಳೆದ ಹತ್ತಿಯು ಕುಮಟೆಯ ಬಂದರಿನಲ್ಲಿ ಹಡಗು ಹತ್ತುತ್ತಿದ್ದುದರಿಂದ, ಒಂದು ಬಳ್ಳಿಯೂ ಹತ್ತಿ ಬೆಳೆಯದ ಆ ಊರಿನ ಹೆಸರು ವಿಲಾಯತಿಯ ಲಿವರ್‌ಪೂಲಿನ ಪೇಟೆಯಲ್ಲಿ ಹತ್ತಿಯ ಹೆಸರಾಯಿತು. ಮುಂದೆ ರೈಲುದಾರಿಯು ಆ ಸರಕನ್ನು ಮರ್ಮಗೋವೆಗೆ ಸೆಳೆದುಕೊಂಡಿತು. ಅಂದಮೇಲೆ ಕಾರ್ಡಿನ ಒಂದು ತಪ್ಪು ಹೆಸರಿನೊಳಗೆ ಒಂದು ನಿಜವಾದ ದಾರಿಯು ಅಡಗಿರುತ್ತದೆ. ಅಳಿವೆಯ ಊರುಗಳು ತಮ್ಮ ಹೆಸರನ್ನು ಒಳನಾಡಿನ ಸಂಪತ್ತಿಗೆ ಕೊಟ್ಟು, ತಾವು ಮರೆಯಲ್ಲಿ ನಿಂತಿದ್ದವು.

ಈ ದಾರಿ ಬಹಳ ಹಳೆಯದು. ೧೬೨೩ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿಯು, ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟ ಪೋರ್ತುಗೀಜ ರಾಯಭಾರಿಯ ಜೊತೆಯಲ್ಲಿ ಇದೇ ಹೊಳೆಯ ಮೇಲೆ ಗೇರುಸೊಪ್ಪೆಗೆ ಹೋದನು. ಅವನು ತನ್ನ ಪ್ರವಾಸವನ್ನೆಲ್ಲ ನೇಪಲ್ಸಿನ ಗೆಳೆಯನೊಬ್ಬನಿಗೆ ಬರೆದ ಪತ್ರಗಳ ರೂಪದಲ್ಲಿ ನಿರೂಪಿಸಿದ್ದಾನೆ. ಹೊಳೆಯ ಚೆಲುವನ್ನು ಮನಸಾರೆ ಹೊಗಳಿದ ಆತನೇ ಗೇರುಸೊಪ್ಪೆಯ ಅರಮನೆಯ ಮೇಲೆ ಕಾಡು ಬೆಳೆದಿರುವುದನ್ನೂ ಬರೆದನು. ಮೆಣಸಿನ ರಾಣಿಯೆಂದು ಪೋರ್ತುಗೀಜರು ಕರೆದ ಚೆನ್ನಭೈರಾದೇವಿಯ ೫೪ ವರ್ಷಗಳ ಆಳಿಕೆಯು ೧೬೦೬ರಲ್ಲಿ ಕೊನೆಗೊಂಡಿತ್ತು. ಹದಿನೇಳು ವರ್ಷಗಳಲ್ಲಿ ರಾಜಧಾನಿಯು ಹಾಳೂರಾಗಿತ್ತು. ಇಂದು ಅಲ್ಲಿಯ ಚತುರ್ಮುಖ ಬಸದಿಯನ್ನು ನೋಡಲು ಹೋಗುವವರಿಗೆ ಆ ಪತ್ರವೊಂದು ದೀಪವಿದ್ದಂತೆ.

ಅದಕ್ಕೂ ಮುಂಚೆ, ೧೩೪೦ರ ದಶಕದಲ್ಲಿ, ಇಬ್ನ್ ಬತೂತನು ಹೊನ್ನಾವರಕ್ಕೆ ಬಂದಿದ್ದನು. ಹಿನಾವರ್ ಎಂದು ಅವನು ಕರೆದ ಆ ಪಟ್ಟಣದಲ್ಲಿ ಗಂಡುಮಕ್ಕಳಿಗೆ ೨೩, ಹೆಣ್ಣುಮಕ್ಕಳಿಗೆ ೧೩ ಪಾಠಶಾಲೆಗಳನ್ನು ಕಂಡೆನೆಂದು ಹೇಳಿದ್ದಾನೆ. ಅವನು ಸುಲ್ತಾನನ ಮನೆಯ ಊಟವನ್ನೂ ವರ್ಣಿಸಿದ್ದಾನೆ, ಹಡಗುಗಳು ಒಳಬರುವ ಅಳಿವೆಯನ್ನೂ ವರ್ಣಿಸಿದ್ದಾನೆ. ಆದರೆ ಆರುನೂರ ಎಂಬತ್ತು ವರ್ಷಗಳ ಮೇಲೆ ಹೊನ್ನಾವರದ ಮಾತು ಬಂದಾಗಲೆಲ್ಲ ಸಭೆಗಳಲ್ಲಿ ನಾವು ಉದ್ಧರಿಸುವುದು ಆ ಶಾಲೆಗಳ ಲೆಕ್ಕವನ್ನು. ಊರಿನ ಒಳಗೆ ಜನರು ಏನು ಮಾಡುತ್ತಿದ್ದರೆಂಬ ಒಂದು ಸಣ್ಣ ಸಂಗತಿಯು ನೋಟದ ವರ್ಣನೆಗಿಂತ ದೀರ್ಘಾಯುವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮತ್ತೆ ಚಿತ್ರದ ಕಾರ್ಡಿಗೆ ಬಂದರೆ ಅದರ ಬಡತನವು ಕಾಣುತ್ತದೆ. ಅದನ್ನು ಮಾಡಿದವರು ಹೊರಗಿನವರು; ಕೊಂಡವರೂ ಬಹುಪಾಲು ಹೊರಗಿನವರು. ಪ್ರವಾಸಿಯು ದೋಣಿಯಲ್ಲಿ ಕುಳಿತು ಬಂದನು, ಬಂಗಲೆಯಲ್ಲಿ ತಂಗಿದನು, ಬಂಡೆಯ ಅಂಚಿನಿಂದ ನೋಡಿದನು. ಹುಟ್ಟು ಹಾಕಿದ ಅಂಬಿಗನು ಕಾರ್ಡಿನಲ್ಲಿಲ್ಲ. ಇಂಥ ಕಾರ್ಡುಗಳಲ್ಲಿ ಎಲ್ಲಿಯಾದರೂ ಮನುಷ್ಯನು ಕಂಡರೆ, ಬಂಡೆಯು ಎಷ್ಟು ದೊಡ್ಡದೆಂದು ತೋರಿಸುವುದಕ್ಕಾಗಿ ನಿಲ್ಲಿಸಿದ ಅಳತೆಗೋಲಿನಂತೆ ಕಾಣುತ್ತಾನೆ. ಹೊನ್ನಾವರದ ಪೇಟೆ, ಮಾವಿನಕುರ್ವೆಯ ಗದ್ದೆ, ಕಾಸರಕೋಡಿಗೆ ಹೊಳೆ ದಾಟಿಸುತ್ತಿದ್ದ ದೋಣಿ, ಗುಡಿಗಾರರ ಗಂಧದ ಕೆತ್ತನೆ, ಇವು ಯಾವುವೂ ಜಲಪಾತದ ಗೊಡವೆಗೆ ಸೇರಿದವಲ್ಲ. ಬಾಸೆಲ್ ಮಿಶನ್ನಿನವರು ನಮ್ಮ ಕರಾವಳಿಯಲ್ಲಿ ತೆಗೆದ ಛಾಯಾಚಿತ್ರಗಳು ಈ ದೃಷ್ಟಿಯಿಂದ ಹೆಚ್ಚು ಉದಾರವಾದವು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಅವರ ದಾಖಲೆ ಭಂಡಾರದ ಚಿತ್ರಗಳನ್ನು ಇಂದು ನಮ್ಮ ವಿದ್ಯಾರ್ಥಿಗಳು ಗಣಕಯಂತ್ರದ ಮುಂದೆ ಕುಳಿತು ನೋಡಬಹುದು. ಆದರೆ ಅಲ್ಲಿಯೂ ನೋಡುವ ಕಣ್ಣು ಅವರದು, ನೋಡಿಸಿಕೊಂಡವರು ನಾವು.

ಇನ್ನು ತಂತಿಯ ಕಟ್ಟನ್ನು ಬಿಚ್ಚೋಣ.

ನಮ್ಮ ದೇಶದಲ್ಲಿ ಅಂಚೆ ಕಾರ್ಡು ಬಳಕೆಗೆ ಬಂದದ್ದು ೧೮೭೯ರ ಜುಲೈ ೧ರಂದು, ಬೆಲೆ ಕಾಲಾಣೆ. ಆಸ್ಟ್ರಿಯಾ-ಹಂಗೆರಿಯಲ್ಲಿ ಅದು ಹುಟ್ಟಿ ಆಗ ಇನ್ನೂ ಹತ್ತು ವರ್ಷಗಳೂ ತುಂಬಿರಲಿಲ್ಲ. ಇಷ್ಟು ಅಗ್ಗವಾಗಿ ಕ್ಷೇಮಸಮಾಚಾರವನ್ನು ಘಟ್ಟ ಹತ್ತಿಸಬಹುದು, ಮುಂಬಯಿಗೆ ಮುಟ್ಟಿಸಬಹುದು ಎಂದು ತಿಳಿದ ಮೇಲೆ, ಹಿಂದೆ ಬರೆಯುವ ಗೋಜಿಗೆ ಹೋಗದಿದ್ದ ಮನೆಗಳೂ ಬರೆಯತೊಡಗಿದವು. ಬರೆಯಲು ಬಾರದವರು ಬರೆಯಿಸತೊಡಗಿದರು. ಕಟ್ಟಿನಲ್ಲಿ ಏಳನೆಯ ಎಡ್ವರ್ಡನ ಮುಖಮುದ್ರೆಯವು ಕೆಲವು. ಅಂದರೆ ೧೯೦೧ರಿಂದ ೧೯೧೦ರ ಒಳಗಿನವೆಂದು ಸ್ಥೂಲವಾಗಿ ಹೇಳಬಹುದು. ಹೆಚ್ಚಿನವು ೧೯೩೬ರವರೆಗೆ ಆಳಿದ ಐದನೆಯ ಜಾರ್ಜನವು. ಕೊನೆಕೊನೆಯವು ಸ್ವಾತಂತ್ರ್ಯಾನಂತರದವು. ವಿಳಾಸದಲ್ಲಿ ಉತ್ತರ ಕನ್ನಡ ಜಿಲ್ಲೆಯ ಮುಂದೆ ಮುಂಬಯಿ ಇಲಾಖೆಯೆಂದಿರುವುದನ್ನು ಕಂಡು ವಿದ್ಯಾರ್ಥಿಗಳು ಬೆರಗಾದರು. ೧೮೬೨ರಿಂದ ೧೯೫೬ರವರೆಗೆ, ತೊಂಬತ್ತನಾಲ್ಕು ವರ್ಷ, ನಮ್ಮ ಜಿಲ್ಲೆಯು ಮುಂಬಯಿಗೆ ಸೇರಿತ್ತೆಂಬುದನ್ನು ಪಾಠದಲ್ಲಿ ಹತ್ತು ಸಲ ಹೇಳಿದಾಗ ಆಗದ ಮನವರಿಕೆ ಒಂದು ವಿಳಾಸದಿಂದ ಆಯಿತು.

ಒಳಗಿನ ಬರಹವೋ, ತೀರ್ಥರೂಪರಿಗೆ ಸಾಷ್ಟಾಂಗದಿಂದ ಮೊದಲಾಗಿ, ಉಭಯ ಕುಶಲೋಪರಿಯನ್ನು ದಾಟಿ, ನೇರವಾಗಿ ವ್ಯವಹಾರಕ್ಕೆ ಇಳಿಯುತ್ತದೆ. ಅಕ್ಕಿಮುಡಿಯ ಧಾರಣೆ ಇಷ್ಟಾಗಿದೆ. ಮಚವೆಯು ಅಳಿವೆಯ ಹೊರಗೇ ನಿಂತಿದೆ, ಭರತ ಬಂದಮೇಲೆ ಒಳಗೆ ಬರುವುದು. ಆಗಬೋಟಿನಲ್ಲಿ ಮುಂಬಯಿಯಿಂದ ಹುಡುಗನು ಬರುತ್ತಾನೆ, ದಡಕ್ಕೆ ಯಾರನ್ನಾದರೂ ಕಳುಹಿಸುವುದು. ಉಳಿದ ಬಾಬತ್ತು ನೂಲಹುಣ್ಣಿಮೆ ಕಳೆದ ಮೇಲೆ. ಈ ಕೊನೆಯ ಮಾತು ಮಳೆಗಾಲದ ಹಲವಾರು ಕಾರ್ಡುಗಳಲ್ಲಿ ಬರುತ್ತದೆ. ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಹಡಗುಗಳನ್ನು ನೀರಿಗಿಳಿಸುವ ಆ ಹುಣ್ಣಿಮೆಯವರೆಗೆ ಬಂದರಿನ ಊರಿನ ಸಾಲ, ಲಗ್ನ, ಪ್ರಯಾಣಗಳೆಲ್ಲ ಹೇಗೆ ಉಸಿರು ಹಿಡಿದು ಕಾಯುತ್ತಿದ್ದವೆಂಬುದು ಇದರಿಂದ ತಿಳಿಯುತ್ತದೆ. ಭಾಷಾಭ್ಯಾಸಿಗೂ ಇಲ್ಲಿ ಸುಗ್ಗಿಯೇ ಸರಿ. ಗ್ರಾಂಥಿಕವಾದ ಒಕ್ಕಣೆಯಿಂದ ಹೊರಟ ವಾಕ್ಯವು ನಡುವಿನಲ್ಲಿ ಹವ್ಯಕರ ಮನೆಮಾತಿಗೆ ಜಾರಿ, ಕೊಂಕಣಿಯ ಒಂದು ಪದವನ್ನು ತಬ್ಬಿಕೊಂಡು, ಮರಾಠಿಯ ಕಚೇರಿ ಮಾತಿನಲ್ಲಿ ಮುಗಿಯುವುದುಂಟು.

ಕಟ್ಟನ್ನು ಪೂರ್ತಿಯಾಗಿ ಓದಿದ ಮೇಲೆ ಹುಡುಗನೇ ಒಂದು ವಿಚಿತ್ರವನ್ನು ಎತ್ತಿ ತೋರಿಸಿದನು. ಸುಮಾರು ಐವತ್ತು ವರ್ಷಗಳ ಈ ಕಾರ್ಡುಗಳಲ್ಲಿ ಹೆರಿಗೆಯ ಸುದ್ದಿಯಿದೆ, ಮುಂಜಿಯ ಸುದ್ದಿಯಿದೆ, ಮೂಲೆಗೆ ಅರಿಸಿನ ಕುಂಕುಮ ಹಚ್ಚಿದ ಲಗ್ನದ ಕಾರ್ಡುಗಳಿವೆ. ಆದರೆ ಯಾರೊಬ್ಬರೂ ಸತ್ತಿಲ್ಲ! ಹುಡುಗನಿಗೆ ಕಾರಣ ತಿಳಿದಿರಲಿಲ್ಲ. ನನ್ನ ವಯಸ್ಸಿನವರಿಗೆ ತಿಳಿದಿದೆ. ಮರಣವಾರ್ತೆಯ ಕಾರ್ಡನ್ನು ಓದಿದ ಕೂಡಲೆ ಹರಿದು ಬಿಸಾಡುವುದು ನಮ್ಮ ಮನೆಗಳ ಪದ್ಧತಿ. ಅದು ಒಳಗೆ ಇರಕೂಡದು, ತಂತಿಗಂತೂ ಏರಕೂಡದು. ಹೀಗಾಗಿ ಪ್ಲೇಗು, ಕಾಲರಾ, ಮಲೇರಿಯಾಗಳು ಜನರನ್ನು ಒಯ್ಯುತ್ತಿದ್ದ ಕಾಲದ ಒಂದು ಮನೆಯ ದಾಖಲೆಯಲ್ಲಿ ಎಲ್ಲರೂ ಚಿರಂಜೀವಿಗಳೇ ಆಗಿದ್ದಾರೆ. ಒಂದು ಹೆಸರು ಕೆಲವು ವರ್ಷ ಬಂದು, ಮತ್ತೆ ಬರುವುದಿಲ್ಲ. ಅಷ್ಟೇ. ಬರುವುದು ನಿಂತ ಹೆಸರುಗಳ ಪಟ್ಟಿಯನ್ನು ನಾವು ಮಾಡಿಕೊಂಡೆವು.

ಹಾಗಾದರೆ ಚಿತ್ರದ ಕಾರ್ಡಿನಂತೆ ಈ ಕಾರ್ಡುಗಳೂ ಪೂರ್ಣ ಸತ್ಯವನ್ನು ಹೇಳುವುದಿಲ್ಲ. ಒಂದರ ಹೊಳೆಯಲ್ಲಿ ಯಾರೂ ಬದುಕಿಲ್ಲ. ಇನ್ನೊಂದರ ಮನೆಯಲ್ಲಿ ಯಾರೂ ಸತ್ತಿಲ್ಲ. ಇತಿಹಾಸದ ವಿದ್ಯಾರ್ಥಿಯು ಎರಡರ ಮೌನವನ್ನೂ ಅರಿತು ಎರಡನ್ನೂ ಒಟ್ಟಿಗಿಟ್ಟು ಓದತಕ್ಕದ್ದು.

ಹೀಗೆ ಒಟ್ಟಿಗಿಟ್ಟು ಓದಿದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಕಾರ್ಡು. ಹೊನ್ನಾವರದ ಕಡೆಯ ಮನೆಗಳಿಗೂ ಘಟ್ಟದ ಮೇಲಿನ ಸಾಗರದ ಸೀಮೆಗೂ ಕೊಟ್ಟು ತರುವ ನಂಟು ಹಳೆಯದು. ಈ ಮನೆಯ ಮಗಳೊಬ್ಬಳನ್ನು ಶರಾವತಿಯ ಮೇಲಿನ ಕಣಿವೆಯ ಕರೂರು ಸೀಮೆಗೆ ಕೊಟ್ಟಿದ್ದರು. ೧೯೩೩ರ ಅಂಚೆಮುದ್ರೆಯಿರುವ ಕಾರ್ಡಿನಲ್ಲಿ ಅವಳು ತವರಿಗೆ ಬರೆಯಿಸಿದ್ದಾಳೆ: ಅಡಕೆಯ ಕೊಯ್ಲು ಮುಗಿಯಿತು, ಉಪ್ಪು ತೀರಿದೆ, ಗೇರುಸೊಪ್ಪೆಯವರೆಗೆ ದೋಣಿಯಲ್ಲಿ ಉಪ್ಪೂ ಕಾಯಿಯೂ ಬಂದರೆ ಅಲ್ಲಿಂದ ಗಾಡಿಯಲ್ಲಿ ತರಿಸಿಕೊಳ್ಳುವರು, ತಂಗಿಯ ಬಾಣಂತನಕ್ಕೆ ತಾನು ಬರುವಳು. ಹೊಳೆಯ ಚೆಲುವನ್ನು ಕುರಿತು ಒಂದು ಮಾತೂ ಇಲ್ಲ. ಜರ್ಮನಿಯವರೆಗೆ ಹೋಗಿ ಬಣ್ಣ ಬಳಿಯಿಸಿಕೊಂಡು ಬಂದ ಜಲಪಾತವು ಅವಳ ತವರಿನ ದಾರಿಯಲ್ಲಿಯೇ ಇತ್ತು. ಅದನ್ನು ವರ್ಣಿಸಬೇಕೆಂದು ಅವಳಿಗೆ ತೋರಲಿಲ್ಲ. ಹೊಳೆಯು ಅವಳಿಗೆ ನೋಟವಾಗಿರಲಿಲ್ಲ, ಉಪ್ಪು ಬರುವ ದಾರಿಯಾಗಿತ್ತು.

ಅವಳು ಬರೆಯಿಸಿದ ಆ ಊರು ಇಂದು ಇಲ್ಲ. ೧೯೪೮ರಲ್ಲಿ ಜೋಗದ ವಿದ್ಯುದಾಗಾರವು ಆರಂಭವಾಯಿತು. ಅದಕ್ಕೆ ನೀರೊದಗಿಸಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿತ್ತು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ, ಮೊದಲಿನ ಅಣೆಕಟ್ಟೇ ಹೊಸ ಜಲಾಶಯದಲ್ಲಿ ಮುಳುಗಿತು. ಅದರೊಂದಿಗೆ ಕಣಿವೆಯ ಊರುಗಳೂ ಮುಳುಗಿದವು. ಅಲ್ಲಿಂದ ಎದ್ದುಹೋದ ಕುಟುಂಬಗಳಲ್ಲಿ ಹಲವಕ್ಕೆ ಅರವತ್ತು ವರ್ಷಗಳ ಮೇಲೆಯೂ ಕಾಲಕೆಳಗಿನ ನೆಲದ ಹಕ್ಕುಪತ್ರ ದೊರೆತಿಲ್ಲ. ನಾಡಿಗೆ ಬೆಳಕು ಬಂದಿತೆಂಬುದು ನಿಜ. ಈ ಲೇಖನವನ್ನು ಬರೆಯುತ್ತಿರುವುದೂ ಆ ಬೆಳಕಿನಲ್ಲಿಯೇ. ಅದನ್ನು ಮರೆತು ಹಳಹಳಿಸುವುದು ಕೃತಘ್ನತೆಯಾದೀತು. ಆದರೆ ನಷ್ಟವಾದದ್ದು ಯಾವುದೆಂದು ಹೇಳಬೇಕಾದಾಗ ನಾವು ಎತ್ತಿಕೊಳ್ಳುವುದು ಚಿತ್ರದ ಕಾರ್ಡನ್ನು: ನೋಡಿರಿ, ಜೋಗವು ಹಿಂದೆ ಹೀಗೆ ತುಂಬಿ ಸುರಿಯುತ್ತಿತ್ತು ಎನ್ನುತ್ತೇವೆ. ಮುಳುಗಿದ ಊರಿನ ಚಿತ್ರವನ್ನು ಯಾರೂ ಅಚ್ಚು ಹಾಕಿ ಮಾರಿರಲಿಲ್ಲ. ಅದು ಇತ್ತೆಂಬುದಕ್ಕೆ ಈ ಮನೆಯಲ್ಲಿ ಉಳಿದ ಗುರುತು ಕಾಲು ರೂಪಾಯಿಯಗಲದ ಒಂದು ಮಸಿಯ ಮುದ್ರೆ, ಉಪ್ಪು ಬೇಡುವ ನಾಲ್ಕು ಸಾಲು. ಅದೂ ಬಚ್ಚಲೊಲೆಯ ಬಾಯಿಂದ ಉಳಿದದ್ದು.

ಇಂದು ಅದೇ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆಯ ಜಲಾಶಯಗಳ ನಡುವೆ ೨,೦೦೦ ಮೆಗಾವಾಟಿನ ಹೊಸ ಯೋಜನೆಯ ಮಾತು ನಡೆದು ಪರ ವಿರೋಧಗಳೆದ್ದಿವೆ. ಯಂತ್ರವಿದ್ಯೆಯ ತೀರ್ಪು ಕೊಡುವುದು ಕನ್ನಡ ಅಧ್ಯಾಪಕನ ಕೆಲಸವಲ್ಲ. ಆದರೆ ಹೊಳೆಯನ್ನು ಕುರಿತ ಯಾವ ವಾದದಲ್ಲಿಯಾದರೂ, ಅದರ ದಂಡೆಯಲ್ಲಿ ಬದುಕಿದವರ ಮಾತು ಕಾಗದದ ಮೇಲೆ ಇರಬೇಕೆಂದು ಹೇಳುವುದು ಅವನ ಕೆಲಸವೇ ಆಗಿದೆ. ಸಾಹಿತ್ಯವೆಂದರೆ ಮುದ್ರಿತ ಕೃತಿ ಮಾತ್ರವೆಂಬ ಭಾವನೆಯನ್ನು ವಿದ್ಯಾರ್ಥಿಗಳಲ್ಲಿ ಬೆಳೆಸಿದವರು ನಾವೇ. ಮುಂಬಯಿಯಲ್ಲಿ ಕುಳಿತು ಕುಮಟಾ ತಾಲೂಕಿನ ಹನೇಹಳ್ಳಿಯನ್ನು ಕಥೆಯಿಂದ ಕಥೆಗೆ ಕಟ್ಟಿದ ಯಶವಂತ ಚಿತ್ತಾಲರನ್ನು ಪಾಠ ಹೇಳುತ್ತೇವೆ; ಅದೇ ಮುಂಬಯಿಗೂ ಅದೇ ತಾಲೂಕಿಗೂ ನಡುವೆ ಓಡಾಡಿದ ಕಾರ್ಡುಗಳನ್ನು ಒಲೆಗೆ ಬಿಡುತ್ತೇವೆ.

ಆದುದರಿಂದ ನನ್ನದೊಂದು ಸೂಚನೆ. ಭಟ್ಕಳ, ಹೊನ್ನಾವರ, ಕುಮಟೆಗಳ ಕಾಲೇಜುಗಳ ಕನ್ನಡ ವಿಭಾಗಗಳು ತಮ್ಮ ತಮ್ಮ ಊರಿನ ಕಾರ್ಡುಗಳ ಒಂದು ದಾಖಲೆ ಪುಸ್ತಕವನ್ನು ಇಡಲಿ. ಇದಕ್ಕೆ ಧನಸಹಾಯ ಬೇಕಿಲ್ಲ; ಕಾರ್ಡು ಮನೆಯವರ ಬಳಿಯಲ್ಲಿಯೇ ಉಳಿಯಲಿ, ಎರಡೂ ಮುಖಗಳ ಛಾಯೆ ನಮ್ಮಲ್ಲಿದ್ದರೆ ಸಾಕು. ತಂತಿಯಿಂದ ಬಿಚ್ಚುವ ಮೊದಲು ಕ್ರಮವನ್ನು ಬರೆದುಕೊಳ್ಳಬೇಕು. ಮೊದಲು ಬಂದದ್ದು ಬುಡದಲ್ಲಿ, ಕೊನೆಗೆ ಬಂದದ್ದು ಮೇಲೆ ಇರುವುದರಿಂದ, ಮುದ್ರೆಯು ಅಳಿಸಿದ ಕಾರ್ಡಿನ ಕಾಲವನ್ನು ಅದರ ನೆರೆಯವು ಹೇಳುತ್ತವೆ. ಅಂಚೆಚೀಟಿಯ ಹವ್ಯಾಸದ ಹೆಸರಿನಲ್ಲಿ ಅರಸನ ಮುಖವನ್ನು ಕತ್ತರಿಸಿಕೊಳ್ಳುವುದನ್ನು ಮಕ್ಕಳಿಗೆ ಬಿಡಿಸಬೇಕು; ಮುಖದೊಂದಿಗೆ ತಾರೀಖೂ ಊರೂ ಹೋಗುತ್ತವೆ. ಅಂಟು ಹಚ್ಚುವುದು, ಪ್ಲಾಸ್ಟಿಕ್ಕಿನ ಹೊದಿಕೆ ಬೆಸೆಯುವುದು ಬೇಡವೇ ಬೇಡ. ಮನೆಯ ಮಾನದ ಸಂಗತಿಗಳಿದ್ದರೆ ಅವು ಹೊರಗೆ ಬಾರದಂತೆ ನಡೆದುಕೊಳ್ಳುವ ಮರ್ಯಾದೆಯನ್ನು ವಿದ್ಯಾರ್ಥಿಗಳಿಗೆ ಮೊದಲು ಕಲಿಸತಕ್ಕದ್ದು.

ಮತ್ತೊಂದು ಮಾತು. ಈ ಕೆಲಸವು ಕನ್ನಡದವರಿಂದ ಮಾತ್ರ ಆಗುವುದಲ್ಲ. ಪೇಟೆಯ ಕೊಂಕಣಿ ವರ್ತಕರ ಹಳೆಯ ಕಾಗದಗಳು ಮೋಡಿಯಲ್ಲಿ ಇರಬಹುದು. ಭಟ್ಕಳದ ನವಾಯತರ ಕಾಗದಗಳು ಪಾರಸಿ ಲಿಪಿಯಲ್ಲಿ ಇರಬಹುದು. ಮೋಡಿಯನ್ನು ಬಲ್ಲ ಹಿರಿಯರ ಸಂಖ್ಯೆ ದಿನೇ ದಿನೇ ಕಡಿಮೆಯಾಗುತ್ತಿದೆ. ಉರ್ದು ಅಧ್ಯಾಪಕರೊಂದಿಗೆ ಒಂದೇ ಮೇಜಿನ ಮುಂದೆ ಕುಳಿತು ಒಂದು ಊರಿನ ಕಾಗದಗಳನ್ನು ಓದುವ ಪ್ರಸಂಗವು ನಮ್ಮ ಕರಾವಳಿಗೆ ಇಂದು ಬೇರೆ ಕಾರಣಗಳಿಗಾಗಿಯೂ ಬೇಕಾಗಿದೆ.

ಪೆಟ್ಟಿಗೆಯನ್ನು ಹುಡುಗನ ಮನೆಗೆ ಹಿಂದಿರುಗಿಸಿದ್ದೇವೆ. ಚಿತ್ರದ ಕಾರ್ಡನ್ನು ಸುತ್ತಿದ್ದ ಪಂಚಾಂಗದ ಹಾಳೆಯಲ್ಲಿ ಈಗ ೧೯೩೩ರ ಆ ಕಾರ್ಡೂ ಸೇರಿದೆ; ಹಾಗೆ ಮಾಡಿದವನು ಹುಡುಗನೇ, ನಾನು ಹೇಳಿದ್ದಲ್ಲ. ಮಳೆಗೆ ಮೊದಲು ಕರಾವಳಿಯಲ್ಲಿ ಹಂಚು ಇಳಿಸಿ ಮಾಡನ್ನು ಸರಿಪಡಿಸುವ ಕಾಲ ಬರುತ್ತದೆ. ಆಗ ನಾಗಂದಿಗೆಯ ಮೇಲಿನ ಕಸವನ್ನು ಒಲೆಗೆ ಒಡ್ಡುವ ಮುನ್ನ, ಅದರಲ್ಲಿ ತುಕ್ಕು ಹಿಡಿದ ತಂತಿಯೇನಾದರೂ ಇದೆಯೇ ಎಂದು ವಾಚಕರು ಒಮ್ಮೆ ಕೈಯಾಡಿಸಿ ನೋಡಬೇಕೆಂದು ಪ್ರಾರ್ಥನೆ.